ತಮ್ಮನಿಗೆ ಇವಿ ಬೇಡ ಅಂದೆ

ಕಳೆದ ವಾರ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಕಾರು ತೆಗೀಬೇಕು ಅಂತ ಉಂಟು. ಕರೆಂಟಿನದ್ದಾ ಪೆಟ್ರೋಲಿನದ್ದಾ? ಒಂದೇ ಮಾತಲ್ಲಿ ಹೇಳು" ಅಂದ. ನಾನು "ನಿಂಗೆ ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಉಂಟಾ?" ಅಂತ ಕೇಳಿದೆ. ಇಲ್ಲ. ಬೆಂಗಳೂರಿನ ಬಸವೇಶ್ವರನಗರದಲ್ಲಿ ಎರಡನೇ ಮಹಡಿ ಬಾಡಿಗೆ ಮನೆ, ಕಾರು ತಂದರೆ ರಸ್ತೆಯಲ್ಲೇ. "ಹಾಗಾದ್ರೆ ಪೆಟ್ರೋಲೇ ತಗೋ ಮಾರಾಯ" ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು. ಊರಿಗೆ ಹೋದಾಗಲೆಲ್ಲ ಇವಿ ಇವಿ (ಅಂದರೆ ಎಲೆಕ್ಟ್ರಿಕ್ ಕಾರು) ಅಂತ ಎಲ್ಲರ ತಲೆ ತಿಂದವಳು ನಾನೇ ಅಲ್ವಾ.

ನಾವು ಕಾರು ತೆಗೆದುಕೊಂಡಿದ್ದು 2023ರ ಜೂನ್‌ನಲ್ಲಿ. 24 ಯೂನಿಟ್ ಕರೆಂಟ್ ಹಿಡಿಯುವ ಬ್ಯಾಟರಿಯ ಸಣ್ಣ ಇವಿ. ಆಗ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇಕಡಾ 5, ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆ ಸೊನ್ನೆ. ಪೆಟ್ರೋಲ್ ಕಾರಿಗೆ ಜಿಎಸ್‌ಟಿ 28, ಮೇಲೆ ಸೆಸ್ಸು, ಅದರ ಮೇಲೆ ಹತ್ತು ಲಕ್ಷದ ಒಳಗಿನದ್ದಕ್ಕೂ ಶೇಕಡಾ 14ರ ತನಕ ರಸ್ತೆ ತೆರಿಗೆ. ಇಷ್ಟೆಲ್ಲ ರಿಯಾಯಿತಿ ಇದ್ದೂ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ನಮಗೆ ಸುಮಾರು ಮೂರು ಲಕ್ಷ ಜಾಸ್ತಿ ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿಯಿತು, ಇವಿಯದ್ದು 5ರಲ್ಲೇ ಉಳಿಯಿತು. ಅಂದರೆ ಈ ಲೆಕ್ಕ ಪೆಟ್ರೋಲ್ ಕಡೆಗೆ ಇನ್ನೂ ಸ್ವಲ್ಪ ವಾಲಿದೆ.

ಕಾರು ಬಂತು, ಚಾರ್ಜ್ ಮಾಡೋದು ಎಲ್ಲಿ? ನಮ್ಮದು ಅಪಾರ್ಟ್‌ಮೆಂಟು. ಮೀಟರ್ ರೂಮಿನಿಂದ ನಮ್ಮ ಪಾರ್ಕಿಂಗಿಗೆ ನಲವತ್ತು ಮೀಟರ್ ವೈರ್ ಎಳೆಯಬೇಕು, ಒಂದು 16 ಆಂಪ್ ಪಾಯಿಂಟ್, ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಒಂದು ಎಂಸಿಬಿ, ಸರಿಯಾದ ಅರ್ಥಿಂಗ್. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಅಸೋಸಿಯೇಷನ್ ಒಪ್ಪಲು ಮೂರೂವರೆ ತಿಂಗಳು. ಬೆಂಕಿ ಹತ್ತಿದರೆ ಯಾರು ಹೊಣೆ, ವೈರು ಇನ್ನೊಬ್ಬರ ಪಾರ್ಕಿಂಗ್ ಮೇಲೆ ಹೋಗುತ್ತದಲ್ಲ, ನಾಳೆ ಎಲ್ಲರೂ ಕೇಳಿದರೆ ಏನು ಮಾಡೋದು... ಕೊನೆಯ ಪ್ರಶ್ನೆ ಮಾತ್ರ ನ್ಯಾಯವಾದದ್ದೇ, ಯಾಕಂದ್ರೆ ಈಗ ನಮ್ಮ ಬೇಸ್‌ಮೆಂಟಿನಲ್ಲಿ ಏಳು ಇವಿ ಇವೆ, ಟ್ರಾನ್ಸ್‌ಫಾರ್ಮರ್ ಇಷ್ಟು ಲೋಡ್ ತಡೆದುಕೊಳ್ಳುತ್ತದಾ ಅಂತ ನಿಜಕ್ಕೂ ಚರ್ಚೆ ನಡೆಯುತ್ತಿದೆ.

ಆ ಮೂರೂವರೆ ತಿಂಗಳು ನಾನು ಹೊರಗಡೆ ಚಾರ್ಜ್ ಮಾಡಿಸಿಕೊಂಡೇ ಓಡಿಸಿದೆ. ವಾರಕ್ಕೆರಡು ಸಲ ಆಫೀಸ್ ಮುಗಿಸಿ ಒಂದು ಗಂಟೆ ಕಾರಲ್ಲಿ ಕೂತು ಫೋನ್ ನೋಡೋದು. ಯೂನಿಟ್‌ಗೆ ಇಪ್ಪತ್ತು ರೂಪಾಯಿ ಆಸುಪಾಸು. ಅದಕ್ಕೇ ತಮ್ಮನಿಗೆ ಬೇಡ ಅಂದಿದ್ದು. ಮನೇಲಿ ಪ್ಲಗ್ ಇಲ್ಲದವನಿಗೆ ಇವಿ ಅಂದರೆ ಇದೇ ಜೀವನ.

ಇನ್ನೊಂದು ತಮಾಷೆ. ಅದೇ ವರ್ಷ ಆಗಸ್ಟ್‌ನಿಂದ ಗೃಹಜ್ಯೋತಿ, ಅಂದರೆ ಮನೆಗೆ ತಿಂಗಳಿಗೆ 200 ಯೂನಿಟ್ ತನಕ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಯೋಜನೆ, ಶುರುವಾಯಿತು. ನಾವು ತಿಂಗಳಿಗೆ 160 ಯೂನಿಟ್ ಬಳಸುವವರು, ಎರಡು ತಿಂಗಳು ಸೊನ್ನೆ ಬಿಲ್ ನೋಡಿ ಖುಷಿಪಟ್ಟೆವು. ಅಕ್ಟೋಬರ್‌ನಲ್ಲಿ ಕಾರಿನ ಪಾಯಿಂಟ್ ಬಂತು, 130 ಯೂನಿಟ್ ಸೇರಿತು, 200 ದಾಟಿತು. 200 ದಾಟಿದರೆ ಮೇಲಿನದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಈಗ ತಿಂಗಳಿಗೆ ಎರಡು ಸಾವಿರದ ಚಿಲ್ಲರೆ ಬರುತ್ತದೆ. ಶೋರೂಮಿನಲ್ಲಿ "ಕಿಲೋಮೀಟರಿಗೆ ಒಂದು ರೂಪಾಯಿ ಮೇಡಂ" ಅಂತ ಹೇಳುವವರು ಇದನ್ನು ಹೇಳೋದಿಲ್ಲ. ಕಳೆದುಕೊಂಡ ಸೊನ್ನೆ ಬಿಲ್ಲನ್ನೂ ಕಾರಿನ ಖರ್ಚಿಗೇ ಹಾಕಿದರೆ ನನಗೆ ಬೀಳೋದು ಕಿಲೋಮೀಟರಿಗೆ ಎರಡು ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಇವಿಗೆಂದೇ ಬೇರೆ ಮೀಟರ್ ತಗೋಬಹುದು, ಅದಕ್ಕೆ ದರವೂ ಬೇರೆ. ನಮ್ಮ ಅಸೋಸಿಯೇಷನ್ ಜೊತೆ ಇನ್ನೊಂದು ಸುತ್ತು ಜಗಳಕ್ಕೆ ನನ್ನಲ್ಲಿ ಶಕ್ತಿ ಇರಲಿಲ್ಲ.

ಹಾಗಿದ್ದೂ ಲಾಭವೇ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಳೇ ಪೆಟ್ರೋಲ್ ಕಾರು ಲೀಟರಿಗೆ 15 ಕೊಟ್ಟರೆ ಹೆಚ್ಚು. ಲೀಟರಿಗೆ ನೂರು ರೂಪಾಯಿಯ ಮೇಲೆ ಅಂದರೆ ಕಿಲೋಮೀಟರಿಗೆ ಏಳು ರೂಪಾಯಿ ಹತ್ತಿರ. ನಾನು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುತ್ತೇನೆ, ನಾಲ್ಕೂವರೆ ಸಾವಿರಕ್ಕಿಂತ ಜಾಸ್ತಿ ಉಳಿಯುತ್ತದೆ. ಮೂರು ಲಕ್ಷ ವಾಪಸ್ ಬರಲು ಐದು ವರ್ಷದ ಮೇಲೆ ಬೇಕು. ಬ್ಯಾಟರಿಗೆ 8 ವರ್ಷದ ವಾರಂಟಿ ಇರೋದರಿಂದ ನಿದ್ದೆ ಬರುತ್ತದೆ. ಆದರೆ ಐನೂರು ಕಿಲೋಮೀಟರ್ ಓಡಿಸುವವರು ಹತ್ತು ವರ್ಷಕ್ಕೂ ಜಾಸ್ತಿ ಕಾಯಬೇಕು. ಭಾನುವಾರ ಮಾತ್ರ ಕಾರು ತೆಗೆಯುವವರು ಉಳಿತಾಯಕ್ಕೆ ಅಂತ ಇವಿ ತಗೊಂಡರೆ ಅದು ಸುಮ್ನೆ.

ಊರಿನ ವಿಷಯಕ್ಕೆ ಬರೋಣ. ನಮ್ಮ ತವರು ಉಪ್ಪಿನಂಗಡಿ ಕಡೆ, ಮುನ್ನೂರು ಕಿಲೋಮೀಟರ್ ಹತ್ತಿರ. ಹೈವೇಯಲ್ಲಿ ನನ್ನ ಕಾರು ಒಂದು ಫುಲ್ ಚಾರ್ಜಿಗೆ 170 ಕಿಲೋಮೀಟರಿಗಿಂತ ಹೆಚ್ಚು ಹೋಗೋದಿಲ್ಲ, ಕಾಗದದಲ್ಲಿ ಎಷ್ಟೇ ಬರೆದಿರಲಿ. ಎರಡು ಕಡೆ ನಿಲ್ಲಿಸಲೇಬೇಕು. ಒಮ್ಮೆ ಹೀಗೇ ಹೆದ್ದಾರಿ ಪಕ್ಕದ ಹೋಟೆಲಿಗೆ 14 ಪರ್ಸೆಂಟ್ ಚಾರ್ಜ್ ಇಟ್ಟುಕೊಂಡು ಬಂದೆ. ಆ್ಯಪಿನಲ್ಲಿ ಹಸಿರು ಚುಕ್ಕೆ, ಅಂದರೆ ಚಾರ್ಜರ್ ಖಾಲಿ ಇದೆ ಅಂತ. ಇಲ್ಲಿ ಚಾರ್ಜಿಂಗ್ ಮಿಷನ್ ಮುಂದೆ ಒಂದು ಡೀಸೆಲ್ ಜೀಪು. ಅದನ್ನು ತೆಗೆಸಿ ಚಾರ್ಜಿಂಗ್ ಗನ್ ಹಾಕಿದರೆ ಏನೂ ಆಗಲಿಲ್ಲ. ಸೆಕ್ಯುರಿಟಿ ಬಂದು "ಕರೆಂಟ್ ಐತೆ ಮೇಡಂ, ನೆಟ್‌ವರ್ಕ್ ಇಲ್ಲ, ನಿನ್ನೆಯಿಂದ ಹಿಂಗೇ" ಅಂದ. ಎದುರಿಗೇ ಕರೆಂಟ್ ಇದೆ, ನೆಟ್ ಇಲ್ಲ ಅಂತ ಕಾರಿಗೆ ಊಟ ಇಲ್ಲ! ಎಸಿ ಆರಿಸಿ, ಒಂದು ಲಾರಿ ಹಿಂದೆ ನಲವತ್ತೈದರ ಸ್ಪೀಡಿನಲ್ಲಿ ಹೋಗಿ ಮುಂದಿನ ಚಾರ್ಜರ್ ಮುಟ್ಟಿದಾಗ 3 ಪರ್ಸೆಂಟ್. ಹಿಂದೆ ಕೂತ ಮಗಳು ಬೆವರುತ್ತಾ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅದೇ ದಾರಿಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮಾತ್ರ ನನ್ನ ಮುಖ ನೋಡಬೇಕು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಹಿಡಿದು ನಿಧಾನ ಮಾಡುತ್ತದೆ, ಆ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ಮೇಲೆ ಮಾರನಹಳ್ಳಿಯಲ್ಲಿ 41 ಪರ್ಸೆಂಟ್ ಇದ್ದದ್ದು ಕೆಳಗೆ ಗುಂಡ್ಯ ಮುಟ್ಟುವಾಗ 43. ವಾಪಸ್ ಹತ್ತುವಾಗ ಅಷ್ಟೇ ದೂರಕ್ಕೆ ಇಪ್ಪತ್ತಕ್ಕೂ ಜಾಸ್ತಿ ಪರ್ಸೆಂಟ್ ನುಂಗುತ್ತದೆ, ಅದನ್ನು ಸಾಮಾನ್ಯವಾಗಿ ನಾನು ಯಾರಿಗೂ ಹೇಳೋದಿಲ್ಲ.

2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ರೇವಾ ಅನ್ನೋ ಇವಿ ಬಂದಾಗ ಆ ಎರಡು ಬಾಗಿಲಿನ ಪುಟ್ಟ ಕಾರನ್ನು ನೋಡಿ ಕಾಲೇಜಿನಲ್ಲಿ ನಾವೆಲ್ಲ ನಕ್ಕಿದ್ದು ನೆನಪಿದೆ. ಈಗ ಸಿಗ್ನಲ್‌ನಲ್ಲಿ ಇವಿಗಳ ಹಸಿರು ನಂಬರ್ ಪ್ಲೇಟ್ ಎಣಿಸೋದು ನನ್ನ ಮಗಳ ಆಟ.

ತಮ್ಮ ನಿನ್ನೆ ಮತ್ತೆ ಫೋನ್ ಮಾಡಿದ. ಓನರ್ ಹತ್ತಿರ ಕೇಳಿದನಂತೆ, ಕಿಟಕಿಯಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಇಳಿಸಿಕೋ ಅಂದರಂತೆ. ಬೇಡ್ವೇ ಬೇಡ ಅಂದೆ. ಮಳೆಗಾಲದಲ್ಲಿ ಫುಟ್‌ಪಾತ್ ಮೇಲೆ ಎಂಟು ಗಂಟೆ ಆ ವೈರ್ ಬಿದ್ದಿದ್ದರೆ ಏನು ಗತಿ! ಶನಿವಾರ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ನೋಡೋಕೆ ಹೋಗುತ್ತಿದ್ದೇವೆ, ಐದು ವರ್ಷ ಹಳೆಯದು, ಒಬ್ಬರೇ ಓಡಿಸಿದ್ದು. ನನ್ನ ಕಾರಲ್ಲೇ ಹೋಗೋಣ ಅಂದಿದ್ದೇನೆ.