ಗರಗಸ ಹಿಡಿಯುವ ಮೊದಲು

ಮೈಸೂರು, ಭಾನುವಾರ, 17 ಆಗಸ್ಟ್ 2025

ಎಡ ಮಂಡಿ ತರಚಿದೆ, ಬಲ ಭುಜ ಹಿಡಿದುಕೊಂಡಿದೆ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಮರದ ಪೆಟ್ಟಿಗೆಯೊಳಗೆ ನುಸುಳಿ ಹೊರಬಂದದ್ದರ ಫಲ.

ಜಾದೂ ಕಲಿಯಲು ಹೊರಟ ನನಗೆ ಆರು ತಿಂಗಳಿಂದ ಒಂದೇ ಪಾಠ: ನಾಣ್ಯ ಅಡಗಿಸುವುದು. ಹತ್ತು ರೂಪಾಯಿಯ ನಾಣ್ಯವನ್ನು ಹೆಬ್ಬೆರಳ ಬುಡದ ಉಬ್ಬಿಗೂ ಎದುರಿನ ಉಬ್ಬಿಗೂ ನಡುವೆ ಸಿಕ್ಕಿಸಿಕೊಂಡು, ಬೆರಳುಗಳನ್ನು ಏನೂ ಇಲ್ಲದವರಂತೆ ಇಳಿಬಿಡಬೇಕು. ಕನ್ನಡಿಯ ಮುಂದೆ ಗೆದ್ದೆನೆಂದುಕೊಂಡಿದ್ದೆ. "ಕೈ ಉಳುಕಿದೆಯೇ?" ಎಂದು ಹೆಂಡತಿ ಕೇಳಿದ ಮೇಲೆ ಮತ್ತೆ ಮೊದಲಿನಿಂದ ಶುರು.

ಇಂದು ಮೇಷ್ಟ್ರು ಶೆಡ್ಡಿನ ಮೂಲೆಯಲ್ಲಿದ್ದ ಟಾರ್ಪಾಲು ಸರಿಸಿದಾಗ, ಪೆಟ್ಟಿಗೆಯಲ್ಲಿ ಮಲಗಿದವರನ್ನು ಎರಡು ತುಂಡು ಮಾಡಿದಂತೆ ತೋರಿಸುವ ಆಟದ ಗರಗಸ ನನ್ನ ಕೈಗೆ ಬಂತೆಂದೇ ಹಿಗ್ಗಿದೆ. "ಒಳಗೆ ಮಲಗಿ" ಎಂದರು.

ಪಾಠ ಹೇಳಿದ್ದು ಮೇಷ್ಟ್ರಲ್ಲ, ಅವರ ಹೆಂಡತಿ, ಅಮ್ಮ. ಇಪ್ಪತ್ತಾರು ವರ್ಷ ಆ ಪೆಟ್ಟಿಗೆಯಲ್ಲಿ ಎರಡು ತುಂಡಾದವರು. ಸ್ಟೂಲಿನ ಮೇಲೆ ಕುಳಿತು ಹುರುಳಿಕಾಯಿ ನಾರು ಬಿಡಿಸುತ್ತಾ, ತೊಡೆಯ ಮೇಲೆ ಗಡಿಯಾರ ಇಟ್ಟುಕೊಂಡಿದ್ದರು. "ಉಸಿರು ಪೂರ್ತಿ ಬಿಟ್ಟ ಮೇಲೆ ಮಂಡಿ ಮಡಚಿ. ಹೊಟ್ಟೆಯಲ್ಲಿ ಗಾಳಿ ಇದ್ದರೆ ಮುಚ್ಚಳ ಅಲುಗುತ್ತದೆ." ಉಳಿದ ಗುಟ್ಟನ್ನು ಇಲ್ಲಿ ಬರೆಯುವಂತಿಲ್ಲ, ಮಾತು ಕೊಟ್ಟಿದ್ದೇನೆ. ಒಳಗೆ ಮೈ ಹಗ್ಗದಂತೆ ತಿರುಚಿಕೊಳ್ಳುತ್ತಿರುವಾಗ ಹೊರಗಿರುವ ಮುಖ ನಗುತ್ತಿರಬೇಕು ಎಂಬುದನ್ನಂತೂ ಹೇಳಬಹುದು. ನನ್ನದು ಹಲ್ಲುನೋವಿನ ಮುಖವಾಗಿತ್ತಂತೆ.

ಚಹಾ ಕುಡಿಯುವಾಗ ಮೇಷ್ಟ್ರು ಮಾತಿನಲ್ಲೇ ಲಂಡನ್ನಿಗೆ ಹೋದರು. ಈ ಆಟವನ್ನು ಸೆಲ್ಬಿಟ್ ಎಂಬ ಜಾದೂಗಾರ 1921ರ ಜನವರಿಯಲ್ಲಿ ಅಲ್ಲಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್ ರಂಗಮಂದಿರದಲ್ಲಿ ಸಾರ್ವಜನಿಕರಿಗೆ ತೋರಿಸಿದ. ಅವನ ಪೆಟ್ಟಿಗೆಯಲ್ಲಿ ಹೆಂಗಸು ಪೂರ್ತಿ ಮುಚ್ಚಿಹೋಗುತ್ತಿದ್ದಳು. ತಲೆ, ಕಾಲು ಹೊರಗೆ ಕಾಣುವಂತೆ ಮಾಡಿದವನು ಗೋಲ್ಡಿನ್ ಎಂಬ ಇನ್ನೊಬ್ಬ ಜಾದೂಗಾರ. ಆಮೇಲೆ ಮೇಷ್ಟ್ರ ದೇವರು, ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್. 1956ರ ಏಪ್ರಿಲ್ 9ರಂದು ಬಿಬಿಸಿಯ ನೇರಪ್ರಸಾರದಲ್ಲಿ, ಪೆಟ್ಟಿಗೆಯೂ ಇಲ್ಲದೆ, ತಿರುಗುವ ಗರಗಸವನ್ನು ಹುಡುಗಿಯ ಮೇಲೆ ಹಾಯಿಸಿದರು. ಅವಳು ಎದ್ದು ನಿಲ್ಲುವ ಮೊದಲೇ ನಿರೂಪಕ ಕಾರ್ಯಕ್ರಮ ಮುಗಿಸಿಬಿಟ್ಟ. ಹುಡುಗಿ ಸತ್ತೇಹೋದಳೆಂದು ವೀಕ್ಷಕರ ಫೋನುಗಳ ಸುರಿಮಳೆ.

"ಆ ಹುಡುಗಿಯ ಹೆಸರು?" ಎಂದರು ಅಮ್ಮ, ನನ್ನ ಕಡೆ ನೋಡದೆ.

ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ಲೋಟದೊಳಗೆ ನೋಡುತ್ತಿದ್ದರು.

"ದೀಪ್ತಿ ಡೇ. ಏಳಿ, ಇನ್ನೊಂದು ಸಲ."

ಪೆಟ್ಟಿಗೆಯೊಳಗೆ ಮೈ ಮಡಚಿಕೊಳ್ಳಲು ಮೊದಲ ಸಲ ನನಗೆ 34 ಸೆಕೆಂಡು ಹಿಡಿದಿತ್ತು. ಕೊನೆಯದಕ್ಕೆ 19. ಅಮ್ಮನದು 11 ಇತ್ತಂತೆ, ಅದೂ ಸೀರೆಯಲ್ಲಿ. ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 19 ಎಂದು ಬರೆದು, ಹುರುಳಿಕಾಯಿಯ ಬುಟ್ಟಿ ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿದರು.

"ಮುಂದಿನ ವಾರ ಬೆಲ್ಟ್ ಹಾಕಿಕೊಂಡು ಬರಬೇಡಿ. ಬಕಲ್ ಸದ್ದು ಮಾಡುತ್ತದೆ."