ಮಾಡೆಲ್ ಟಿ ಎಂಜಿನ್ ಕೆಲಸ: ಎಣ್ಣೆ ಹರಿಯುವ ಹಾದಿ

ಫೋರ್ಡ್ ಮಾಡೆಲ್ ಟಿ, 1922. ಎಂಜಿನ್ನನ್ನು ತಳದ ಪ್ಯಾನ್‌ನಿಂದ ಬಿಡಿಸಿ ಸ್ಟ್ಯಾಂಡಿಗೇರಿಸಿದ್ದಾಗಿದೆ.

ಇದಕ್ಕೆ ಆಯಿಲ್ ಪಂಪ್ ಇಲ್ಲ, ಪ್ರೆಷರ್ ಗೇಜೂ ಇಲ್ಲ. ಎಂಜಿನ್ನಿನ ಹಿಂಬದಿಯ ಭಾರದ ಚಕ್ರವಾದ ಫ್ಲೈವೀಲ್‌ನ 16 ಮ್ಯಾಗ್ನೆಟ್‌ಗಳು ತಿರುಗುತ್ತ ಎಣ್ಣೆ ಎರಚುತ್ತವೆ. ಅದರಲ್ಲೊಂದಿಷ್ಟು ಆಲಿಕೆಯೊಂದಕ್ಕೆ ಬಿದ್ದು, ಒಳಪೈಪಿನಲ್ಲಿಳಿದು ಮುಂತುದಿಯಲ್ಲಿ ವಾಲ್ವ್‌ಗಳ ಹೊತ್ತು ನಡೆಸುವ ಟೈಮಿಂಗ್ ಗೇರ್‌ಗಳನ್ನು ಸೇರುತ್ತದೆ. ಹಿಂದಕ್ಕೆ ಹರಿಯುವಾಗ ಪ್ಯಾನ್‌ನ ಗುಳಿಗಳು ತುಂಬುತ್ತವೆ, ಪಿಸ್ಟನ್‌ಗಳನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್‌ಗಳು ಆ ಎಣ್ಣೆಯನ್ನು ಸಿಡಿಸುತ್ತವೆ. ಒತ್ತಡವೆಂಬುದೇ ಇಲ್ಲದ ಈ ಏರ್ಪಾಡಿನಲ್ಲಿ ಆ ಒಂದು ಪೈಪ್ ಕಟ್ಟಿಕೊಂಡರೆ ಮೊದಲು ಸುಡುವುದು ಎಲ್ಲಕ್ಕಿಂತ ಮುಂದಿರುವ 1ನೇ ರಾಡಿನ ಬ್ಯಾಬಿಟ್ (ಮೆತ್ತನೆಯ ಮಿಶ್ರಲೋಹ) ಬೇರಿಂಗ್. ಕಡಿದಾದ ಏರಿನಲ್ಲೂ ಹೀಗೇ: ಮೂತಿ ಮೇಲಾದಾಗ ಪೈಪಿನ ಇಳಿಜಾರು ಸತ್ತುಹೋಗುತ್ತದೆ, ಮುಂದಿನ ಗುಳಿಗೆ ಹೊಸ ಎಣ್ಣೆ ಬರುವುದಿಲ್ಲ.

ನಮ್ಮ ಪೈಪ್ ಅರ್ಧಕ್ಕಿಂತ ಹೆಚ್ಚು ಕಟ್ಟಿತ್ತು. ಒಳಗಿದ್ದದ್ದು ಗೇರ್‌ಪೆಟ್ಟಿಗೆಯ ಡ್ರಮ್‌ಗಳನ್ನು ಬಿಗಿಹಿಡಿಯುವ ಬ್ಯಾಂಡ್‌ಗಳ ಹತ್ತಿ ಲೈನಿಂಗ್ ಸವೆದು ಉದುರಿದ ನೂಲಿನ ಎಳೆ, ಜತೆಗೆ ಕಪ್ಪು ಜಿಡ್ಡು. ಗಾಳಿಯನ್ನಷ್ಟೇ ಊದಿದರೆ ನೂಲು ಆಚೆ ತುದಿಯಲ್ಲಿ ಉಂಡೆಯಾಗಿ ಕೂರುತ್ತದೆ. ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ನೆನೆಸಿ, ಮೆತ್ತನೆಯ ತಂತಿ ತೂರಿಸಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಗಾಳಿ ಹೊಡೆದದ್ದು ಫಲಕೊಟ್ಟಿತು. ಮಟ್ಟ ನೋಡುವ ಎರಡು ಪುಟ್ಟ ನಲ್ಲಿಗಳಲ್ಲೂ ತಂತಿಯಾಡಿಸಿದ್ದೇವೆ. ಕೆಳಗಿನ ನಲ್ಲಿ ಕಟ್ಟಿದ್ದರೆ ಎಣ್ಣೆಯಿದ್ದೂ ಇಲ್ಲವೆಂದೇ ತೋರುತ್ತದೆ.

ರಾಡ್ ಕ್ಯಾಪ್‌ಗಳಿಗೆ ಎಣ್ಣೆ ಮೊಗೆಯುವ ತಗಡಿನ ಸೌಟುಗಳನ್ನು ಕೂರಿಸಿದೆವು. ಗುಳಿಗಳಲ್ಲಿ ಮೆತ್ತನೆಯ ಜೇಡಿಮಣ್ಣಿಟ್ಟು ಪ್ಯಾನ್ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ ಬಿಚ್ಚಿದಾಗ 2ನೇ ಸೌಟು ತಳಕ್ಕೆ ತಾಗಿದ ಗುರುತಿತ್ತು. ತುದಿ ಬಗ್ಗಿಸಿ ಮತ್ತೆ ನೋಡಿದೆವು, ಈಗ ಸರಿಯಿದೆ. ಮಣ್ಣನ್ನು ಪೂರ್ತಿ ತೊಳೆದೇ ಮುಚ್ಚಬೇಕು.

ಒಣ ಎಂಜಿನ್‌ಗೆ 4 ಕ್ವಾರ್ಟ್, ಅಂದರೆ ಸುಮಾರು 3.8 ಲೀಟರ್. ತೆಳು ದರ್ಜೆಯ 10ಡಬ್ಲ್ಯು-30 ಎಣ್ಣೆ ಸಾಕು. ದಪ್ಪ ಎಣ್ಣೆ ತಣ್ಣಗಿದ್ದಾಗ ಪೈಪಿನಲ್ಲಿ ತೆವಳುತ್ತದೆ, ಹಾಗಾಗಿ ‘ಹಳೆ ಗಾಡಿಗೆ ದಪ್ಪ ಎಣ್ಣೆ’ ಎಂಬ ಮಾತನ್ನು ಇಲ್ಲಿ ಕೇಳಬೇಡಿ. ಎಂಜಿನ್ ನಿಲ್ಲಿಸಿ ಕೆಲ ನಿಮಿಷ ಬಿಟ್ಟು ನೋಡಿದರೆ ಮಟ್ಟ ಎರಡು ನಲ್ಲಿಗಳ ನಡುವೆ ಇರಬೇಕು. ಮೇಲಿನದನ್ನು ಮೀರಿದರೆ ಹೊಗೆ, ಪ್ಲಗ್‌ಗಳಲ್ಲಿ ಮಸಿ. ಫೋರ್ಡ್ ಕೈಪಿಡಿಯ ಪ್ರಕಾರ ಮೊದಲ ಬದಲಾವಣೆ 400 ಮೈಲಿಗೆ, ಆಮೇಲೆ ಪ್ರತಿ 750 ಮೈಲಿಗೆ. ಎಣ್ಣೆ ಸೋಸುವ ಫಿಲ್ಟರೇ ಇಲ್ಲದ್ದರಿಂದ ಈ ಲೆಕ್ಕ ಇಂದಿಗೂ ಸರಿ.

ಬಾಕಿ ಇರುವುದು ಒಳಪೈಪಿನ ಜತೆಗೆ ಮುಂದಕ್ಕೆ ಎಣ್ಣೆ ಒಯ್ಯಲು ಹೊರಗೆ ಹಾಕುವ ತಾಮ್ರದ ಪೈಪ್. ಅದನ್ನು ಜೋಡಿಸಿ, ಎಂಜಿನ್ ನಿಧಾನಕ್ಕೆ ಓಡುವಾಗ ಮುಂದಿನ ನಟ್ ಸಡಿಲಿಸಿ, ಎಣ್ಣೆ ಒಂದೇ ಸಮ ಬರುತ್ತಿದ್ದರೆ ಮಾತ್ರ ಗಾಡಿ ರಸ್ತೆಗಿಳಿಯುತ್ತದೆ.