ಬೆಂಗಳೂರು ಕ್ಯಾಂಪೇನ್: ಬಾಗಿಲಿನ ಕೇಸು ಮುಗೀತು, ಮುಂದೆ ಮೆಜೆಸ್ಟಿಕ್ಕಿನ ಕೆರೆ

ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಆಡುವ ದೆವ್ವದ ಕಥೆಯ ಆಟವೊಂದನ್ನು ನಾನು ಕಂತುಕಂತಾಗಿ ನಡೆಸುತ್ತಿದ್ದೇನೆ. ಕಳೆದ ಶನಿವಾರ ರಾತ್ರಿ ಅದರ ಬಾಗಿಲಿನ ಕೇಸು ಮುಗೀತು. ನಾಲ್ಕೂ ಪಾತ್ರಗಳು ಬದುಕಿವೆ. ಆಟೋ ಡ್ರೈವರ್ ಪಾತ್ರದ ಲಕ್, ಅಂದರೆ ಕಷ್ಟದಿಂದ ಪಾರಾಗಲು ಖರ್ಚು ಮಾಡುವ ಅಂಕ, ಮಾತ್ರ ಕೊನೆಗೆ ಬಂದಿದೆ.

ಹೊಸಬರಿಗೆ ಎರಡು ಮಾತು. ನಾವು ಆಡುತ್ತಿರುವುದು ‘ಮಾನ್‌ಸ್ಟರ್ ಆಫ್ ದ ವೀಕ್’. ಆಟಗಾರರು ಎರಡು ದಾಳ ಹಾಕಿ, ಅದಕ್ಕೆ ತಮ್ಮ ಪಾತ್ರದ ಅಂಕಿಯೊಂದನ್ನು ಕೂಡಿಸುತ್ತಾರೆ. 10 ಅಥವಾ ಮೇಲೆ ಬಿದ್ದರೆ ಅಂದುಕೊಂಡದ್ದು ಆಗುತ್ತದೆ. 7ರಿಂದ 9 ಬಿದ್ದರೆ ಆಗುತ್ತದೆ, ಆದರೆ ಏನಾದರೂ ತೆರಬೇಕು. 6 ಅಥವಾ ಕೆಳಗೆ ಬಿದ್ದರೆ ಸರದಿ ನನ್ನದು. ಆಟ ನಡೆಸುವ ಕೀಪರ್ ಆಗಿ ನಾನು ದಾಳವನ್ನೇ ಮುಟ್ಟುವುದಿಲ್ಲ. ಅತಿಮಾನುಷವನ್ನು ಎದುರಿಸುವ ದೃಶ್ಯಗಳಿಗೆ ಇದು ತುಂಬಾ ಒಳ್ಳೆಯದು, ಕಣ್ಣು ಸದಾ ಆಟಗಾರರ ಮುಖದ ಮೇಲೇ ಇರುತ್ತದೆ.

ಕೇಸಿನ ಬೀಜ ಎಲ್ಲರಿಗೂ ಗೊತ್ತಿರುವ ಕಥೆ. 1990ರ ದಶಕದಲ್ಲಿ ನಮ್ಮೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಂದು ಗುರುತಿನವರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮಾರನೇ ರಾತ್ರಿ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ನಾನು ಕೇಳಿಕೊಂಡದ್ದು ಇಷ್ಟೇ: ಅಂಥ ಒಂದು ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರೆ, ಬಾಗಿಲು ಹಳೇ ಮರದ ಅಂಗಡಿಗೆ ಹೋದರೆ, ಬರುವವಳು ಎಲ್ಲಿಗೆ ಬರಬೇಕು?

ನಮ್ಮ ಆಟದಲ್ಲಿ ಆ ತೇಗದ ಬಾಗಿಲನ್ನು ಬಸವನಗುಡಿಯ ಒಂದು ಕೆಫೆಯವರು ಕೊಂಡು, ಪಾಲಿಶ್ ಹಾಕಿಸಿ, ಟೇಬಲ್ ಮಾಡಿದ್ದಾರೆ. ಪಾಲಿಶ್‌ನಲ್ಲಿ ಅಕ್ಷರ ಅಳಿಸಿಹೋಗಿದೆ. ಅವಳನ್ನು ತಡೆಯುವ ಮಾತು ಈಗ ಎಲ್ಲೂ ಇಲ್ಲ.

ಶಟರ್ ಎಳೆದ ಕೆಫೆಯಲ್ಲಿ ನಾಲ್ವರೂ ಆ ಟೇಬಲ್ ಸುತ್ತ ಕೂತಿದ್ದರು. ನಾನು ಮಾತು ನಿಲ್ಲಿಸಿ, ನಾವು ನಿಜವಾಗಿ ಕೂತಿದ್ದ ಟೇಬಲ್ಲನ್ನು ಕೆಳಗಿನಿಂದ ಮೂರು ಸಲ ತಟ್ಟಿದೆ. ಆಮೇಲೆ ಬೀದಿಗಳಿಗೆ ನೀರು ಬಿಡುವ ವಾಲ್ವ್‌ಮನ್ ಪಾತ್ರದ ಆಟಗಾರನನ್ನು ನೋಡಿ ಸಾದಾ ದನಿಯಲ್ಲಿ, “ಬಾಗ್ಲು ತೆಗಿಯೋ, ಮಳೇಲಿ ನೆನೀತಿದೀನಿ” ಅಂದೆ. ಅವನ ಪಾತ್ರದ ತಾಯಿ ತೀರಿಕೊಂಡಿರುವುದು ಎಲ್ಲರಿಗೂ ಗೊತ್ತು. ಯಾರೂ ಉಸಿರೆತ್ತಲಿಲ್ಲ. ತಾಯಿಯ ಸಾವನ್ನು ಆಟಕ್ಕೆ ತರಬಹುದೇ ಎಂದು ಅವನನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದೆ, ಯಾರಿಗಾದರೂ ಕಷ್ಟವಾದರೆ ಮುಟ್ಟಿ ದೃಶ್ಯ ನಿಲ್ಲಿಸುವ ಎಕ್ಸ್ ಕಾರ್ಡ್ ಕೂಡ ಟೇಬಲ್ ಮೇಲೇ ಇತ್ತು. ಈ ಒಪ್ಪಿಗೆ ಇಲ್ಲದೆ ಇಂಥ ದೃಶ್ಯ ಮಾಡಬಾರದು ಎನ್ನುವುದು ನನ್ನ ಗಟ್ಟಿ ನಿಲುವು.

ಹೀಗೆ ಆಡಿಸುತ್ತಾ ನನಗೆ ಖಚಿತವಾಗಿರುವುದೆಂದರೆ, ದೆವ್ವಕ್ಕೆ ಬೇಕಿರುವುದು ಏಟಿನ ಲೆಕ್ಕಕ್ಕಿಂತ ಹೆಚ್ಚಾಗಿ ಒಂದು ಕಟ್ಟುಪಾಡು. ಈ ಆಟದ ನಿಯಮವೂ ಅದಕ್ಕೆ ಒತ್ತಾಸೆ: ಜೀವಿಯ ದೌರ್ಬಲ್ಯ ತಿಳಿದು ಅದನ್ನು ಬಳಸದ ಹೊರತು, ಎಷ್ಟು ಹೊಡೆದರೂ ಅದು ಪೂರ್ತಿ ಸಾಯುವುದಿಲ್ಲ. ಹಾಗಾಗಿ ನನ್ನ ಟಿಪ್ಪಣಿಯಲ್ಲಿ ಅವಳಿಗೆ ಏನು ಬೇಕು, ಯಾವ ಮಾತಿಗೆ ಕಟ್ಟುಬಿದ್ದಿದ್ದಾಳೆ, ಆ ಕಟ್ಟು ಬಿಚ್ಚಿದರೆ ಏನು ಮಾಡುತ್ತಾಳೆ ಎನ್ನುವುದಷ್ಟೇ ಇತ್ತು. ಅವಳ ರೂಪವನ್ನು ನಾನು ಒಮ್ಮೆಯೂ ವರ್ಣಿಸಲಿಲ್ಲ. ಯಾರೂ ತಡೆಯದಿದ್ದರೆ ಅವಳು ಒಂದೊಂದಾಗಿ ಏನೇನು ಮಾಡುತ್ತಾಳೆ ಎನ್ನುವ, ಹಗಲಿನಿಂದ ನಡುರಾತ್ರಿಯವರೆಗೆ ಆರು ಮೆಟ್ಟಿಲಿನ ಕೌಂಟ್‌ಡೌನ್ ಬರೆದುಕೊಂಡಿದ್ದೆ. ಆಟಗಾರರು ಮುಸ್ಸಂಜೆಯ ಮೆಟ್ಟಿಲಲ್ಲೇ ತಡೆದರು.

ತಡೆದ ರೀತಿ ನಾನು ಊಹಿಸಿರಲಿಲ್ಲ. ಮತ್ತೆ ‘ನಾಳೆ ಬಾ’ ಎಂದು ಬರೆಯುತ್ತಾರೆ ಅಂದುಕೊಂಡಿದ್ದೆ. ನರ್ಸ್ ಪಾತ್ರ ಆಡುವವಳು ಬೇಡ ಅಂದಳು: “ಇಷ್ಟು ವರ್ಷ ಅವಳಿಗೆ ಸುಳ್ಳು ಹೇಳಿದ್ದು ಸಾಕು.” ಆ ಮನೆಯ ಅಜ್ಜಿಯನ್ನು ಕೆಂಗೇರಿಯ ಮಗನ ಫ್ಲ್ಯಾಟ್‌ನಿಂದ ಕರೆತಂದು, ಹಿಂದೆ ‘ನಾಳೆ ಬಾ’ ಬರೆದಿದ್ದ ಅದೇ ಕೈಯಿಂದ ಬಾಗಿಲ ಮೇಲೆ ಬರೆಸಿದರು: ‘ಇಲ್ಲಿ ಈಗ ಯಾರೂ ಇಲ್ಲ.’ ಆಟೋ ಡ್ರೈವರ್ ಅದನ್ನು ಗಟ್ಟಿಯಾಗಿ ಓದಿದ. ದಾಳ ಬಿದ್ದದ್ದು 8. ಅವಳು ಹೋದಳು, ಓದಿದವನ ದನಿಯನ್ನು ಜೊತೆಗೆ ತೆಗೆದುಕೊಂಡು ಹೋದಳು. ಇನ್ನು ಮುಂದೆ ರಾತ್ರಿ ಹೊತ್ತು ಅವನು ಫೋನ್ ಮಾಡಿದರೆ ಮಿಕ್ಕವರು ಎತ್ತಬೇಕೋ ಬೇಡವೋ ಯೋಚಿಸಬೇಕು. ಇಡೀ ಕ್ಯಾಂಪೇನಿನಲ್ಲಿ ನನಗೆ ಅತ್ಯಂತ ಇಷ್ಟವಾದ ಫಲಿತಾಂಶ ಇದು.

ಮುಂದಿನ ಕೇಸು ಮೆಜೆಸ್ಟಿಕ್ ಬಸ್ ನಿಲ್ದಾಣದ್ದು. ಅದು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಅದನ್ನು ಆಮೇಲಿಗೆ ಇಟ್ಟುಕೊಂಡಿದ್ದೇನೆ. ಮಳೆಗಾಲದ ರಾತ್ರಿ, ಕೊನೇ ಬಸ್ಸು ಹೋದ ಮೇಲೆ, ಪ್ಲಾಟ್‌ಫಾರ್ಮಿನಲ್ಲಿ ನೀರು ಏರುತ್ತದೆ. ಅದು ವಾಲ್ವ್‌ಮನ್‌ಗೆ ಮಾತ್ರ ಕಾಣುತ್ತದೆ. ಕೆರೆಗೆ ತನ್ನ ಜಾಗ ವಾಪಸ್ ಬೇಕು, ಅಷ್ಟು ನಿಶ್ಚಯ. ಅದು ಯಾವ ಮಾತಿಗೆ ಕಟ್ಟುಬಿದ್ದಿದೆ ಎನ್ನುವುದು ಇನ್ನೂ ಹೊಳೆದಿಲ್ಲ.

ಒಂದು ಗೆರೆ ಮಾತ್ರ ಈಗಲೇ ಎಳೆದಿದ್ದೇನೆ. ಅಣ್ಣಮ್ಮನ ಗುಡಿ ಪಕ್ಕದಲ್ಲೇ ಇದೆ, ಕರಗದ ನಂಟು ಸಂಪಂಗಿ ಕೆರೆಗಿದೆ. ಇವೆರಡೂ ಜನ ಇವತ್ತಿಗೂ ನಡೆದುಕೊಳ್ಳುವ ದೈವಗಳು. ಅವನ್ನು ಎದುರಾಳಿ ಮಾಡುವುದಿಲ್ಲ, ಅವುಗಳ ಶಕ್ತಿಗೆ ಅಂಕಿ ಕೊಡುವುದಿಲ್ಲ. ಪಾತ್ರಗಳು ಅಣ್ಣಮ್ಮನಿಗೆ ಕೈಮುಗಿದು ಹೊರಡಬಹುದು. ಆಮೇಲಿನದು ಅವರ ಧೈರ್ಯ.

ವಾಲ್ವ್‌ಮನ್ ಆಡುವವನಿಗೆ ಒಂದು ಪ್ರಶ್ನೆ ಕಳಿಸಿದ್ದೇನೆ: ನಿನ್ನ ಪಾತ್ರ ಯಾವ ಏರಿಯಾಗೆ ನೀರು ಬಿಡುತ್ತದೆ, ಯಾವ ಬೀದಿಗೆ ಬೇಕಂತಲೇ ಬಿಡುವುದಿಲ್ಲ? ಉತ್ತರ ಬಂದ ಮೇಲೆ ಕೌಂಟ್‌ಡೌನ್ ಬರೆಯಲು ಕೂರುತ್ತೇನೆ.